ಅಕ್ಕನಿಗೆ, ಮಾತ್ರೆಯ ಪ್ರಯೋಗಕ್ಕೆ ಸಹಿ ಹಾಕುವ ಮುಂಚೆ

ಲೆಸ್ಟರ್, ಇಂಗ್ಲೆಂಡ್

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಉಬ್ಬಸಕ್ಕೆ ಹೊಸ ಅಲರ್ಜಿ ಮಾತ್ರೆಯ ಪ್ರಯೋಗಕ್ಕೆ ನಿನ್ನನ್ನು ಬೆಂಗಳೂರಿಗೆ ಕರೆದಿದ್ದಾರೆಂದು ಭಾವ ಬರೆದಿದ್ದರು. ಸೇರಬೇಡ ಅನ್ನುವುದಿಲ್ಲ, ತಿಳಿದು ಸೇರು.

ನಾನಿರುವ ಈ ಲೆಸ್ಟರಿನಲ್ಲೇ ಉಬ್ಬಸಕ್ಕೆಂದು ಫೆವಿಪಿಪ್ರಾಂಟ್ ಎಂಬ ಮಾತ್ರೆಯನ್ನು 61 ಜನರಲ್ಲಿ 12 ವಾರ ಪರೀಕ್ಷಿಸಿದ್ದರು. ಮಾತ್ರೆ ತಿಂದವರ ಕಫದಲ್ಲಿ ಇಯೊಸಿನೊಫಿಲ್ ಕಣ (ಅಲರ್ಜಿಯಲ್ಲಿ ಹೆಚ್ಚುವ ಒಂದು ಬಗೆಯ ಬಿಳಿ ರಕ್ತಕಣ) ಸರಾಸರಿ ಶೇ 5.4ರಿಂದ 1.1ಕ್ಕೆ ಇಳಿಯಿತು. 2016ರಲ್ಲಿ ಅದು ದೊಡ್ಡ ಸುದ್ದಿ. ಆಮೇಲೆ 52 ವಾರದ ಪ್ರಯೋಗಗಳಲ್ಲಿ ಉಬ್ಬಸ ಕೆರಳುವುದು ಅಂದುಕೊಂಡಷ್ಟು ತಗ್ಗಲಿಲ್ಲ, 2019ರಲ್ಲಿ ಅದರ ಕಂಪನಿ ನೊವಾರ್ಟಿಸ್ ಉಬ್ಬಸಕ್ಕೆ ಅದನ್ನು ಕೈಬಿಟ್ಟಿತು. ಕಫದ ಲೆಕ್ಕವೇ ಬೇರೆ, ನಡುರಾತ್ರಿ ಎದ್ದು ಕೂರುವುದು ತಪ್ಪುವುದೇ ಬೇರೆ.

ಮೊದಲ ಕೆಲವು ವಾರ ಎಲ್ಲರಿಗೂ ಔಷಧಿಯೇ ಇಲ್ಲದ ಡಮ್ಮಿ ಮಾತ್ರೆ ಕೊಡುವುದುಂಟು. ಅದರಲ್ಲೂ ಎಷ್ಟೋ ಜನ ಸುಧಾರಿಸುತ್ತಾರೆ, ಯಾಕೆಂದರೆ ಸ್ಟೀರಾಯ್ಡ್ ಪಂಪನ್ನು ಆಗಲೇ ದಿನವೂ ತಪ್ಪದೆ ಎಳೆಯಲು ಶುರುಮಾಡಿರುತ್ತಾರೆ. ಮಾತ್ರೆ ಬಂತೆಂದು ನೀನು ಪಂಪ್ ಬಿಡಬೇಡ.

ಪ್ರಯೋಗ ಕೆಡುವುದು ಹೆಚ್ಚಾಗಿ ಮನೆಯಲ್ಲೇ. ನೆಗಡಿಗೆಂದು ಮೆಡಿಕಲ್ ಶಾಪಿನಿಂದ ತರುವ ಮಾತ್ರೆಯಲ್ಲಿ ಎಷ್ಟೋ ಸಲ ಮಾಂಟೆಲುಕಾಸ್ಟ್ 10 ಮಿ.ಗ್ರಾಂ, ಲೆವೊಸೆಟಿರಿಜಿನ್ 5 ಮಿ.ಗ್ರಾಂ ಎರಡೂ ಇರುತ್ತವೆ. ಒಂದು ಉಬ್ಬಸದ ಔಷಧಿ, ಇನ್ನೊಂದು ಅಲರ್ಜಿಯದು. ಹೇಳದೆ ನುಂಗಿದರೆ ಗುಣ ಯಾವುದರಿಂದ ಬಂತೆಂದು ಯಾರಿಗೂ ತಿಳಿಯದು. ಚರ್ಮ ಚುಚ್ಚಿ ಅಲರ್ಜಿ ನೋಡುವ ದಿನವಂತೂ ಸೆಟಿರಿಜಿನ್ ಜಾತಿಯದು ಮೈಯಲ್ಲಿದ್ದರೆ ಗಂಧೆಯೇ ಏಳುವುದಿಲ್ಲ. ಸುಮಾರು ಒಂದು ವಾರ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಉಳಿದ ಮಾತ್ರೆ ಎಣಿಸುತ್ತಾರೆಂದು ಚೆಲ್ಲಬೇಡ, ಮರೆತದ್ದನ್ನು ಮರೆತೆ ಅನ್ನು. ದಿನದಿನದ ಉಸಿರಿನ ಸ್ಥಿತಿ ಬರೆಯಲು ಕೊಡುವ ಡೈರಿಯನ್ನು ಬಸ್ಸಲ್ಲಿ ಕೂತು ಒಂದೇ ಸಲ ತುಂಬುವವರಿದ್ದಾರೆ. ಪೀಕ್ ಫ್ಲೋ (ಉಸಿರು ಎಷ್ಟು ಜೋರಾಗಿ ಹೊರಬರುತ್ತದೆಂದು ಅಳೆಯುವ ಕೊಳವೆ) ಬೆಳಿಗ್ಗೆ, ಸಂಜೆ ಮೂರು ಮೂರು ಸಲ ಊದಿ, ದೊಡ್ಡ ಅಂಕಿಯನ್ನು ಆಗಲೇ ಬರೆ.

ಸ್ಪೈರೊಮೆಟ್ರಿಗೆ, ಅಂದರೆ ಯಂತ್ರಕ್ಕೆ ಊದಿಸಿ ಉಸಿರು ಅಳೆಯುವ ಪರೀಕ್ಷೆಗೆ ಮುಂಚೆ, ಉಸಿರು ಕಟ್ಟಿದಾಗ ಎಳೆಯುವ ಸಾಲ್ಬುಟಮಾಲ್ ಪಂಪ್ ಸಾಮಾನ್ಯವಾಗಿ ಆರು ಗಂಟೆ ಬಿಡಿಸುತ್ತಾರೆ. ಅಷ್ಟರಲ್ಲಿ ಉಸಿರು ಕಟ್ಟಿದರೆ ಎಳೆದುಬಿಡು, ಇನ್ನೊಂದು ದಿನ ಊದಿದರಾಯಿತು. ಒಮ್ಮೆ ಊದಿಸಿ, ನಾಲ್ಕು ಪಫ್ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಊದಿಸುತ್ತಾರೆ. ಉಬ್ಬಸವೆಂದು ಎಣಿಸಲು ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಸಾಮಾನ್ಯವಾಗಿ ಶೇ 12, ಜೊತೆಗೆ 200 ಮಿ.ಲೀ. ಏರಬೇಕು. ಭೇಟಿಯ ಹೊತ್ತು ಪ್ರತಿ ಸಲವೂ ಒಂದೇ ಇರಲಿ, ಬೆಳಿಗ್ಗೆಗೂ ಸಂಜೆಗೂ ಉಸಿರಿನ ಅಂಕಿ ಬದಲಾಗುತ್ತದೆ.

ಸಹಿಗೆ ಮುಂಚೆ ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ದಾಖಲೆಪಟ್ಟಿ) ನೋಂದಣಿ ಸಂಖ್ಯೆ ಮತ್ತು ನೈತಿಕ ಸಮಿತಿಯ ಫೋನ್ ನಂಬರ್ ಕೇಳು. ಯಾವಾಗ ಬೇಕಾದರೂ ಹೊರಬರಬಹುದು, ಕಾರಣ ಕೊಡಬೇಕಿಲ್ಲ. ಪ್ರಯೋಗದಲ್ಲಿ ತೊಂದರೆಯಾದರೆ ಚಿಕಿತ್ಸೆ ಉಚಿತ. ಭಾರತದ 2019ರ ಔಷಧ ಪ್ರಯೋಗ ನಿಯಮಗಳಲ್ಲೇ ಇದೆ.

ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ ಪ್ರಯೋಗದ ಡಾಕ್ಟರಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಓಡು. ಅವರು ಕೊಡುವ ಕಾರ್ಡು ಪರ್ಸಿನಲ್ಲೇ ಇರಲಿ. ಅದರಲ್ಲಿನ ನಂಬರಿಗೆ ಫೋನ್ ಮಾಡಿದರೆ, ಚಿಕಿತ್ಸೆಗೆ ಅಗತ್ಯವಿದ್ದಾಗ ನೀನು ತಿನ್ನುತ್ತಿರುವುದು ಔಷಧಿಯೋ ಡಮ್ಮಿಯೋ ಎಂದು ತೆರೆದು ಹೇಳುತ್ತಾರೆ. ಭಾವನವರಿಗೂ ಅದನ್ನು ತೋರಿಸಿಡು.

ಇಂತಿ,
ನಿನ್ನ ತಂಗಿ