ಸಿರೋಸಿಸ್ ಇರುವವರಿಗೆ ಆರು ತಿಂಗಳ ಸ್ಕ್ಯಾನಿಂಗ್ ತಪ್ಪದಿರಲಿ

ಮಾನ್ಯ ಸಂಪಾದಕರೇ,

ಯಕೃತ್ತಿನ ಕ್ಯಾನ್ಸರ್‌ಗೆ ಯಾರಾದರೂ ಬಲಿಯಾದಾಗ ‘ಮೊನ್ನೆಯವರೆಗೂ ಚೆನ್ನಾಗಿಯೇ ಇದ್ದರು’ ಎನ್ನುತ್ತೇವೆ. ಬಹುಪಾಲು ರೋಗಿಗಳ ವಿಷಯದಲ್ಲಿ ಅದು ನಿಜವಲ್ಲ. ಅವರ ಯಕೃತ್ತು ವರ್ಷಗಟ್ಟಲೆ ಸದ್ದಿಲ್ಲದೆ ಹಾಳಾಗುತ್ತಿರುತ್ತದೆ.

ಕಾರಣ ಹೆಪಟೈಟಿಸ್ ಬಿ ಅಥವಾ ಸಿ ವೈರಸ್ ಇರಬಹುದು, ಮದ್ಯ ಇರಬಹುದು, ಮಧುಮೇಹ ಮತ್ತು ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್ ಇರಬಹುದು. ಜೀವಕೋಶಗಳು ನಿರಂತರ ಸಾಯುತ್ತವೆ. ಆ ಜಾಗ ತುಂಬಲು ಉಳಿದವು ಬಿಡುವಿಲ್ಲದೆ ವಿಭಜನೆಯಾಗುತ್ತವೆ. ಉರಿಯೂತದ ನಡುವೆ ಹೀಗೆ ಮತ್ತೆ ಮತ್ತೆ ಡಿಎನ್‌ಎ ನಕಲಾಗುವಾಗ ತಪ್ಪುಗಳು ಸೇರಿಕೊಳ್ಳುತ್ತವೆ. ಗಾಯ ಮಾಯ್ದಲ್ಲೆಲ್ಲ ನಾರಿನ ಅಂಗಾಂಶ ಬೆಳೆದು, ಮೃದುವಾಗಿದ್ದ ಅಂಗ ಗಂಟುಗಂಟಾಗಿ ಗಡುಸಾಗುತ್ತದೆ. ಅದೇ ಸಿರೋಸಿಸ್. ಅಂಥ ಒಂದು ಗಂಟಿನಲ್ಲಿ ಹತೋಟಿ ತಪ್ಪಿದ ಕೋಶಗಳು ಬೆಳೆಯತೊಡಗಿದರೆ ಕ್ಯಾನ್ಸರ್. ಹೆಪಟೈಟಿಸ್ ಬಿ ವೈರಸ್ಸಂತೂ ತನ್ನ ಡಿಎನ್‌ಎಯನ್ನು ನಮ್ಮ ಕೋಶದ ಡಿಎನ್‌ಎಯೊಳಗೇ ಸೇರಿಸಬಲ್ಲದು. ಹಾಗಾಗಿ ಅದು ಇರುವವರಿಗೆ ಸಿರೋಸಿಸ್ ಆಗದೆಯೂ ಕ್ಯಾನ್ಸರ್ ಬರಬಹುದು. ಇಷ್ಟಿದ್ದರೂ ಯಕೃತ್ತಿನ ರೋಗಿ ಎಂದೊಡನೆ ಕುಡುಕನೆಂದು ಅನುಮಾನಿಸುವುದು ಅನ್ಯಾಯ. ಆ ಅವಮಾನಕ್ಕೆ ಹೆದರಿ ಪರೀಕ್ಷೆಗೇ ಹೋಗದವರಿದ್ದಾರೆ.

ಯಕೃತ್ತಿನ ಒಳಭಾಗಕ್ಕೆ ನೋವು ತಿಳಿಯುವುದಿಲ್ಲ. ಗೆಡ್ಡೆ ದೊಡ್ಡದಾಗಿ ಹೊರಪೊರೆಯನ್ನು ಎಳೆದಾಗಲೇ ನೋವು ಶುರು, ಅಷ್ಟರಲ್ಲಿ ಬಹಳ ತಡವಾಗಿರುತ್ತದೆ. ಎರಡು ಸೆಂಟಿಮೀಟರ್ ಇರುವಾಗಲೇ ಸಿಕ್ಕಿದರೆ ಅದನ್ನು ಕತ್ತರಿಸಿ ತೆಗೆಯುವ, ಸೂಜಿ ಚುಚ್ಚಿ ಶಾಖದಿಂದ ಸುಡುವ ಅಥವಾ ಯಕೃತ್ತನ್ನೇ ಕಸಿ ಮಾಡುವ ದಾರಿಗಳು ತೆರೆದಿರುತ್ತವೆ. ಸಿರೋಸಿಸ್ ಇರುವವರು ಆರೋಗ್ಯವಾಗಿದ್ದೇವೆ ಅನ್ನಿಸಿದರೂ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕೆನ್ನುವುದು ಇದಕ್ಕಾಗಿಯೇ. ಜೊತೆಗೆ ಎಎಫ್‌ಪಿ ಎಂಬ ರಕ್ತಪರೀಕ್ಷೆಯೂ ಇದೆ. ಆದರೆ ಅದೊಂದನ್ನೇ ನಂಬಿ ಕೂರುವಂತಿಲ್ಲ. ಗೆಡ್ಡೆ ಚಿಕ್ಕದಿದ್ದಾಗ ಅನೇಕರಲ್ಲಿ ಎಎಫ್‌ಪಿ ಮಟ್ಟ ಸಹಜವಾಗಿಯೇ ಇರುತ್ತದೆ.

ನನಗೆ ಅತಿ ಹೆಚ್ಚು ಕಳವಳ ಹೆಪಟೈಟಿಸ್ ಸಿಯಿಂದ ಗುಣವಾದವರ ಬಗ್ಗೆ. ಈಗಿನ ಮಾತ್ರೆಗಳು ಎರಡು ಮೂರು ತಿಂಗಳಲ್ಲಿ ಶೇಕಡಾ 95ಕ್ಕೂ ಹೆಚ್ಚು ರೋಗಿಗಳ ವೈರಸ್ಸನ್ನು ತೊಲಗಿಸುತ್ತವೆ. ಸಂತೋಷದ ಸಂಗತಿಯೇ. ಆದರೆ ಅಷ್ಟರಲ್ಲಾಗಲೇ ಸಿರೋಸಿಸ್ ಆಗಿದ್ದರೆ ಕ್ಯಾನ್ಸರ್‌ನ ಅಪಾಯ ತಗ್ಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ‘ವೈರಸ್ ಇಲ್ಲ’ ಎಂಬ ವರದಿ ಕೈಗೆ ಬಂದ ದಿನವೇ ಆಸ್ಪತ್ರೆಯ ದಾರಿ ಮರೆತರೆ ಹೇಗೆ? ಸಿರೋಸಿಸ್ ಎಂದು ಬರೆಯುವ ವೈದ್ಯರು ಅದೇ ಚೀಟಿಯಲ್ಲಿ ಮುಂದಿನ ಸ್ಕ್ಯಾನಿಂಗ್ ದಿನಾಂಕವನ್ನೂ ಬರೆದುಕೊಡಬೇಕು, ಮನೆಯವರೊಬ್ಬರಿಗೆ ಅದನ್ನು ವಿವರಿಸಿ ಹೇಳಬೇಕು.

ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದನ್ನಂತೂ ಯಾರೂ ಮುಂದೂಡಬಾರದು. 1984ರಲ್ಲಿ ಎಳೆಯ ಮಕ್ಕಳಿಗೆ ಈ ಲಸಿಕೆ ಆರಂಭಿಸಿದ ತೈವಾನ್‌ನಲ್ಲಿ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಗಣನೀಯವಾಗಿ ಇಳಿಯಿತು. ನಿಮ್ಮ ಪತ್ರಿಕೆ ಈ ವಿಷಯಗಳನ್ನು ಆರೋಗ್ಯ ಪುಟದಲ್ಲಿ ಆಗಾಗ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಓದುಗ