ಜನ ಇಲ್ಲದ ಜಾಗ ಕೇಳಿದೆಯಲ್ಲ, ಗೆಳೆಯಾ

ಪ್ರೀತಿಯ ಗೆಳೆಯಾ,

ಹಿತವಾದ ಚಳಿ ಇರಬೇಕು, ಜನ ಇರಬಾರದು, ಅಂಥ ಕಡೆ ಟೆಂಟ್ ಹಾಕೋಣ ಅಂದೆಯಲ್ಲ. ಹಾಗಾದರೆ ಬೀದರ್ ಬೇಡ. ಅದು 600 ಮೀಟರಿಗೂ ಎತ್ತರದಲ್ಲಿದೆ, ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಸಂಕ್ರಾಂತಿಗೆ ಯಾದಗಿರಿ ಕಡೆಯೂ ಬೇಡ, ಮೈಲಾಪುರದಲ್ಲಿ ಮೈಲಾರಲಿಂಗನ ಜಾತ್ರೆ, ಕಾಲಿಡಲು ಜಾಗ ಇರುವುದಿಲ್ಲ. ಸಂಕ್ರಾಂತಿ ಮುಗಿಸಿ ಸೀದಾ ಕಲಬುರಗಿಗೆ ಬಾ, ಚಿಂಚೋಳಿಗೆ ಹೋಗೋಣ.

ಅಲ್ಲಿನ ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಮನಬಂದಲ್ಲಿ ಟೆಂಟ್ ಹಾಕುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಸಿಕ್ಕರೂ ನೀರಿನ ಪಕ್ಕ ಮಲಗುವ ಆಸೆ ಬಿಡು. ರಾತ್ರಿ ತಣ್ಣನೆ ಗಾಳಿ ಭಾರವಾಗಿ ತಗ್ಗಿಗೆ ಇಳಿಯುತ್ತದೆ, ಬೆಳಿಗ್ಗೆ ಟೆಂಟ್ ಇಬ್ಬನಿಗೆ ತೊಯ್ದಿರುತ್ತದೆ. ಸ್ವಲ್ಪ ಮೇಲೆ, ಗರಸು ನೆಲದಲ್ಲಿ, ಮೂಡಣಕ್ಕೆ ಬಯಲಿರುವ ಕಡೆ ಹಾಕಬೇಕು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮೂರ ಬಿಸಿಲು ಜನವರಿಯಲ್ಲಿ ಎಷ್ಟು ಹಿತ ಗೊತ್ತಾ! ಇದನ್ನು ಓದುತ್ತಿರುವ ಉಳಿದವರಿಗೂ ಹೇಳುತ್ತೇನೆ, ನಮ್ಮ ಸೀಮೆಯನ್ನು ಬರೀ ಬೇಸಿಗೆಯಿಂದ ಅಳೆಯಬೇಡಿ.

ಆದರೆ ಒಂದು ವಿಷಯ ಕಾಡುತ್ತಿದೆ. ಮೊನ್ನೆ ಜಾಗ ನೋಡಲು ಹೋದಾಗ ದಾರಿಯ ತಾಂಡಾದಲ್ಲಿ ಸಾಲು ಸಾಲು ಮನೆಗೆ ಬೀಗ. ಒಂದು ಕಟ್ಟೆ ಮೇಲೆ ಅಜ್ಜಿಯೊಬ್ಬಳು, ಅವಳ ಮಡಿಲಲ್ಲಿ ಮೊಮ್ಮಗು. ಉಳಿದವರೆಲ್ಲ ಗುಳೆ ಹೋಗಿದ್ದಾರೆ, ಕೆಲವರು ಮುಂಬೈಗೆ, ಕೆಲವರು ಪುಣೆಗೆ. ನಾವು ಹುಡುಕುವ ಸದ್ದಿಲ್ಲದ ಜಾಗ ಸದ್ದಿಲ್ಲದೆ ಇರುವುದು ಇದಕ್ಕೇ ಅಲ್ವಾ?

ನಿನಗೆ ಯಾವತ್ತೂ ಹೇಳಿಲ್ಲ. ನಮ್ಮಪ್ಪನೂ ಚಳಿಗಾಲದಲ್ಲಿ ಕಟ್ಟಡದ ಕೆಲಸಕ್ಕೆ ಪುಣೆಗೆ ಹೋಗುತ್ತಿದ್ದ. ಅವನು ಹೋದ ಮೇಲೆ ಮನೆಯಲ್ಲಿ ಜಗಳ ಇರುತ್ತಿರಲಿಲ್ಲ. ಅವ್ವ ಒಳಗೆ ಅಳುತ್ತಿದ್ದಳು, ನಾನು ಹೊರಗೆ ಬಿಸಿಲು ಕಾಯಿಸುತ್ತಾ ಖುಷಿಯಾಗಿರುತ್ತಿದ್ದೆ. ಚಳಿಗಾಲ ಅಂದರೆ ನನಗೆ ಇಷ್ಟು ಇಷ್ಟ ಯಾಕೆ ಅಂತ ಕೇಳುತ್ತಿದ್ದೆಯಲ್ಲ. ಆ ಅಜ್ಜಿಯ ಎದುರು ನಿಂತಾಗ ಅದು ಹೊಳೆಯಿತು. ಅವಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಇರಲಿ ಬಿಡು, ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಸೀತನಿ, ಅಂದರೆ ಎಳೆ ಜೋಳದ ತೆನೆ, ಮುಗಿಯುವ ಮುಂಚೆ ಬಾ, ಹೊಲದಲ್ಲೇ ಸುಟ್ಟು ತಿನ್ನೋಣ. ಶೇಂಗಾ ಹಿಂಡಿ, ಖಡಕ್ ರೊಟ್ಟಿ ನಾನು ತರುತ್ತೇನೆ. ಅಜ್ಜಿಗೂ ಒಂದು ಕಟ್ಟು ರೊಟ್ಟಿ ಒಯ್ಯೋಣ. ಟಾರ್ಚ್ ನಿನ್ನದು. ಆ ಹಸಿರು ಕಂಬಳಿ ಮಾತ್ರ ತರಬೇಡ, ಯಾಕೆ ಅಂತ ನಿನಗೆ ಗೊತ್ತು.

ನಿನ್ನ ದಾರಿ ಕಾಯುತ್ತಾ,
ನಿನ್ನ ಕಲಬುರಗಿ ಗೆಳೆಯ