ಸಾವಿರ ವರ್ಷ ಎಂದದ್ದು ಸುಳ್ಳು

ಮಂಡ್ಯ

ಪ್ರೀತಿಯ ಪುಟ್ಟಿ,

ನೀನು ಎರಡನೇ ತರಗತಿಯಲ್ಲಿದ್ದಾಗ ಊರ ಮುಂದಿನ ಆಲದ ಮರ ತೋರಿಸಿ ‘ಇದಕ್ಕೆ ಎಷ್ಟು ವರ್ಷ, ಅಪ್ಪ?’ ಎಂದು ಕೇಳಿದ್ದೆ. ನಾನು ಮೀಸೆ ಅಲುಗದಂತೆ ‘ಸಾವಿರ’ ಎಂದುಬಿಟ್ಟೆ. ಮೊನ್ನೆ ಫೋನಿನಲ್ಲಿ, ಹಾಸ್ಟೆಲಿನ ಗೆಳತಿಯರಿಗೂ ಅದನ್ನೇ ಹೇಳಿದ್ದೇನೆ ಎಂದೆಯಲ್ಲ, ನಾಚಿಕೆಯಾಯಿತು. ಇಷ್ಟು ವರ್ಷ ಸಾಮಿಲ್ಲಿನಲ್ಲಿ ದಿಮ್ಮಿ ಕೊಯ್ಯಿಸಿದವನು ಹೇಳುವ ಮಾತೇ ಅದು?

ತೇಗವಾದರೆ ಹೇಳಬಹುದು. ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳೆಯುವುದನ್ನು ನಿಲ್ಲಿಸುತ್ತದೆ, ಮಳೆ ಬಿದ್ದ ಮೇಲೆ ಮತ್ತೆ ಶುರು. ನಿಂತು ಹೊರಟ ಆ ಗುರುತೇ ಉಂಗುರ. ಕೊಯ್ದ ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರಗಾಲದ ವರ್ಷಗಳು ಇಕ್ಕಟ್ಟಾಗಿ ಕಾಣುತ್ತವೆ. ಆಲಕ್ಕೆ ಆ ಲೆಕ್ಕ ನಡೆಯದು. ಅದರಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಮೂಡುವುದಿಲ್ಲ. ಮೇಲಾಗಿ ಬಿಳಲುಗಳೇ ಇಳಿದು ಕಾಂಡವಾಗುವುದರಿಂದ, ಮೊದಲ ಕಾಂಡ ಕೊಳೆತುಹೋದರೂ ಮರ ನಿಂತೇ ಇರುತ್ತದೆ. ಕೋಲ್ಕತ್ತದ ಪಕ್ಕ, ಹೌರಾದ ಸಸ್ಯೋದ್ಯಾನದಲ್ಲಿರುವ ದೊಡ್ಡ ಆಲದ ತಾಯಿಕಾಂಡಕ್ಕೆ ಶಿಲೀಂಧ್ರ ತಗುಲಿ 1925ರಲ್ಲಿ ತೆಗೆದುಹಾಕಿದರು. ಮರ ಈಗಲೂ ಹಬ್ಬುತ್ತಿದೆ! ಹುಟ್ಟಿದ ಕಾಂಡವೇ ಇಲ್ಲದಿದ್ದರೆ ವಯಸ್ಸನ್ನು ಎಲ್ಲಿಂದ ಎಣಿಸುವುದು? ನಿನ್ನ ತಾತನಿಗೆ ಸ್ವಂತ ವಯಸ್ಸೇ ‘ಕನ್ನಂಬಾಡಿ ಕಟ್ಟೆ ಏಳುತ್ತಿದ್ದಾಗ’ ಎಂಬಲ್ಲಿಗೆ ಮುಗಿಯುತ್ತಿತ್ತು.

ಗಾತ್ರವನ್ನೂ ನಂಬಬೇಡ. ಮೈಸೂರಿನ ರಸ್ತೆಬದಿಯ ಮಳೆಮರಗಳು ಅಮೆರಿಕ ಖಂಡದಿಂದ ಬಂದ ನೆಂಟರು, ಬೇಗ ದಪ್ಪವಾಗುತ್ತವೆ. ಅಷ್ಟೇ, ಮುದುಕರಲ್ಲ. ಅದೇ ಅಮೆರಿಕದ ನೆವಾಡದ ಬೆಟ್ಟದಲ್ಲಿ 1964ರಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿ ಅರಣ್ಯ ಇಲಾಖೆಯ ಅನುಮತಿ ಪಡೆದೇ ಒಂದು ಕುಳ್ಳ, ತಿರುಚಿದ ಬ್ರಿಸಲ್‌ಕೋನ್ ಪೈನ್ ಮರವನ್ನು ಕಡಿಸಿದ. ಎಣಿಸಿದರೆ ಉಂಗುರ 4,800 ದಾಟಿತು. ಎಣಿಸುತ್ತ ಎಣಿಸುತ್ತ ಅವನ ಬೆರಳು ಎಲ್ಲಿ ನಡುಗಿತೋ ಎಂದು ಯೋಚಿಸುತ್ತೇನೆ. ಅವನನ್ನು ಬೈಯಲು ನನಗೆ ಬಾಯಿಲ್ಲ. ನಾನು ಒರೆಸಿ ಎಣಿಸಿದ್ದೆಲ್ಲವೂ ಕೊಯ್ದ ಮೇಲೆಯೇ ಅಲ್ಲವೇ?

ಗೌರಿ ಹಬ್ಬಕ್ಕೆ ಬಾ. ಅವ್ವ ಕಾಯುತ್ತಿದ್ದಾಳೆ. ನಮ್ಮ ಆಲದ ಪಡುವಣ ಕೊಂಬೆಯ ಬಿಳಲೊಂದು ಕಳೆದ ಸೋಮವಾರ ನೆಲ ಮುಟ್ಟಿತು. ದನ ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಿದ್ದೇನೆ. ಅದರ ವಯಸ್ಸು ಕೇಳು, ದಿನಾಂಕದ ಸಮೇತ ಹೇಳುತ್ತೇನೆ.

ಇಂತಿ,
ನಿನ್ನ ಅಪ್ಪ